ಮದರ್‌ಬೋರ್ಡಿನ ಅಳತೆ ಚೀಟಿ

"ಪುಸ್ತಕ ಎಲ್ಲ ಚೀಲಕ್ಕೆ ಹಾಕ್ಕೋ. ನಿನ್ನನ್ನ ಕರ್ಕೊಂಡು ಹೋಗೋಕೆ ನಿಮ್ಮ ಮಾಮ ಬಂದಿದ್ದಾರೆ," ಎಂದರು ಟೀಚರ್.

ಚಿಣ್ಣಿ ಗಣಿತದ ಪುಸ್ತಕದ ಕೊನೆಯ ಪುಟದಲ್ಲಿ ಮದರ್‌ಬೋರ್ಡಿನ ಚಿತ್ರ ಬರೆಯುತ್ತಿದ್ದಳು. ಅದನ್ನು ಮೊಣಕೈಯಿಂದ ಮುಚ್ಚಿಕೊಂಡೇ ಎದ್ದಳು. ಐದನೇ ಕ್ಲಾಸಿನ ಮಕ್ಕಳೆಲ್ಲ ಅವಳನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. ಭಿನ್ನರಾಶಿಯ ನಡುವೆ ಎದ್ದು ಮನೆಗೆ ಹೋಗುವ ಭಾಗ್ಯ ಎಲ್ಲರಿಗೂ ಸಿಗುತ್ತದೆಯೇ?

ಗೇಟಿನ ಹತ್ತಿರ ಮಾಮ ನಿಂತಿದ್ದ. ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ಅಜ್ಜಿಯ ಚಪ್ಪಲಿ. ಚಿಣ್ಣಿಗೆ ನಗು ತಡೆಯಲಾಗಲಿಲ್ಲ.

"ಮಾಮ, ಕಾಲು ನೋಡ್ಕೋ."

ಮಾಮ ನೋಡಿಕೊಳ್ಳಲಿಲ್ಲ. "ಚಿಣ್ಣಿ, ಅಜ್ಜ ಹೋಗ್ಬಿಟ್ರು ಕಣೆ," ಎಂದ.

ಚಿಣ್ಣಿಯ ಮುಖ ಊದಿಕೊಂಡಿತು. "ನನ್ನ ಬಿಟ್ಟು ಹೋದ್ರಾ? ಭಾನುವಾರ ಇಬ್ರೂ ಒಟ್ಟಿಗೆ ಹೋಗೋಣ ಅಂದಿದ್ರು. ಮದರ್‌ಬೋರ್ಡ್ ನಾನೇ ಆರಿಸ್ಬೇಕು ಅಂತ ಮಾತಾಗಿತ್ತು. ಇವತ್ತಿನ್ನೂ ಬುಧವಾರ. ಇದು ಮೋಸ ಅಲ್ವಾ?"

ಮಾಮ ಅವಳ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಎಂದೂ ಅವಳ ಚೀಲ ಹೊರದ ಮಾಮ.

ಅಜ್ಜ ಹೋದದ್ದು ಕಂಪ್ಯೂಟರ್ ಅಂಗಡಿಗಲ್ಲ ಎಂದು ಚಿಣ್ಣಿಗೆ ಆಗ ತಿಳಿಯಿತು.

*

ಅಜ್ಜ ಟೈಲರ್. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಚಿಣ್ಣಿ ಗೇಮ್ ಆಡಲು ಕಂಪ್ಯೂಟರ್ ಬೇಕೆಂದು ಹಟ ಹಿಡಿದಾಗ ಅಮ್ಮ ಗದರಿದ್ದಳು, ಮಾಮ ಜಾರಿಕೊಂಡಿದ್ದ. ಅಜ್ಜ ಮಾತ್ರ ಕತ್ತರಿ ಕೆಳಗಿಟ್ಟು ಕೇಳಿದ್ದರು, "ರೆಡಿಮೇಡೋ, ಹೊಲಿಸೋದೋ?"

"ಕಂಪ್ಯೂಟರ್ ಯಾರಾದ್ರೂ ಹೊಲಿತಾರಾ ಅಜ್ಜ?"

"ರೆಡಿಮೇಡ್ ಯಾರ ಮೈಗೂ ಸರಿಯಾಗಿ ಕೂರಲ್ಲ ಮಗು. ಒಂದೊಂದೇ ತುಂಡು ತಂದು ನಾವೇ ಜೋಡಿಸೋಣ."

ಹಾಗೆ ಒಂದೊಂದಾಗಿ ತಂದರು. ಖಾಲಿ ಡಬ್ಬದಂತಹ ಕ್ಯಾಬಿನೆಟ್, ಬಿಸ್ಕತ್ತಿಗಿಂತ ಚಿಕ್ಕದಾದ ಪ್ರೊಸೆಸರ್, ಎರಡು ರ್‍ಯಾಮ್, ಹಾರ್ಡ್ ಡಿಸ್ಕ್, ಕರೆಂಟು ಕೊಡುವ ಪವರ್ ಸಪ್ಲೈ, ಒಂದು ಫ್ಯಾನ್. ಉಳಿದದ್ದು ಮದರ್‌ಬೋರ್ಡ್ ಒಂದೇ. ಅದು ಎಲ್ಲ ಭಾಗಗಳೂ ಬಂದು ಕೂರುವ ಹಲಗೆ. ಅದಿಲ್ಲದೆ ಉಳಿದದ್ದೆಲ್ಲ ಬರೀ ಚೂರುಪಾರು.

ಅಜ್ಜ ಹೋದ ಮೇಲೆ ಆ ಚೂರುಪಾರು ಐದು ವಾರದಿಂದ ಹೊಲಿಗೆ ಯಂತ್ರದ ಕೆಳಗೆ ಬಿದ್ದಿತ್ತು. "ನಾನು ಹೋಗಿ ಬೋರ್ಡ್ ತರ್ಲೇನೆ?" ಎಂದು ಮಾಮ ಎರಡು ಸಲ ಕೇಳಿದ. ಚಿಣ್ಣಿ ಎರಡು ಸಲವೂ ಬೇಡ ಅಂದಳು.

"ಯಾಕೆ ಬೇಡ?" ಎಂದು ಅಜ್ಜಿ ವಿಚಾರಿಸಿದರು.

"ನಾನು ಯಾವುದೋ ಒಂದು ಆರಿಸಿ, ಅದು ಅಜ್ಜ ಅಂದ್ಕೊಂಡಿದ್ದು ಅಲ್ದೇ ಹೋದ್ರೆ?" ಎಂದಳು ಚಿಣ್ಣಿ. "ಯಾರನ್ನ ಕೇಳ್ಲಿ?"

ಅಜ್ಜಿ ಮುಂದಿನ ಕೋಣೆಗೆ ಹೋದರು. ಅಜ್ಜನ ಅಳತೆ ಚೀಟಿಗಳ ಕಟ್ಟನ್ನು ಬಿಚ್ಚಿ ಒಂದೊಂದಾಗಿ ಓದುತ್ತ ಕುಳಿತರು. ಯಾರದೋ ಪ್ಯಾಂಟು, ಯಾರದೋ ಕೋಟು. ಶನಿವಾರ ಚಿಣ್ಣಿ ಶಾಲೆಯಿಂದ ಬಂದಾಗ ಒಂದು ಚೀಟಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕೊರಳಲ್ಲಿ ಅಜ್ಜನ ಟೇಪು.

"ನಡಿಯೇ. ಅಳತೆ ತೆಗೆದು ಬಟ್ಟೆ ಕೊಡದೆ ಹೋದ ಟೈಲರ್ ಅನ್ನೋ ಮಾತು ನಿಮ್ಮಜ್ಜನಿಗೆ ಬರಬಾರದು."

*

ಬಸ್ಸಿನಲ್ಲಿ ಅಜ್ಜಿ ಚೂರುಪಾರು ತುಂಬಿದ ಕ್ಯಾಬಿನೆಟನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. "ಇದಕ್ಕೆ ಟಿಕೆಟ್ ಬೇಡ್ವಾ?" ಎಂದು ಕಂಡಕ್ಟರ್ ಕೆಣಕಿದ.

"ಇದಕ್ಕಿನ್ನೂ ಆರು ವರ್ಷ ತುಂಬಿಲ್ಲಪ್ಪ," ಎಂದರು ಅಜ್ಜಿ.

ಕಂಪ್ಯೂಟರ್ ಅಂಗಡಿಯ ಅಕ್ಕ ತಲೆಯ ಗಂಟಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದಳು. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು.

"ಹೆಸರು, ಮದರ್‌ಬೋರ್ಡ್. ಉದ್ದ ಒಂಬತ್ತೂವರೆ ಇಂಚು, ಮೇಲೆ ಒಂದು ನೂಲು. ಅಗಲ ಅಷ್ಟೇ. ಕತ್ತು..." ಅಕ್ಕ ತಲೆಯೆತ್ತಿದಳು. "ಮದರ್‌ಬೋರ್ಡಿಗೆ ಕತ್ತೆಲ್ಲಿ ಅಜ್ಜಿ?"

"ಮುಂದೆ ಓದಮ್ಮ."

"ಕತ್ತು, ನಮ್ಮ ಪ್ರೊಸೆಸರಿಗೆ ಸರಿಯಾಗಿ. ಬಿಗಿ ಆಗಕೂಡದು." ಅಕ್ಕ ಒಂದು ಗಳಿಗೆ ಯೋಚಿಸಿದಳು. ಆಮೇಲೆ ನಕ್ಕಳು. "ಓ, ಪ್ರೊಸೆಸರ್ ಕೂರೋ ಸಾಕೆಟ್. ಅದು ತಲೆ ಆದ್ರೆ ಇದು ಕತ್ತೇ ಬಿಡಿ. ತಪ್ಪೇನಿಲ್ಲ."

ಅವಳು ಎರಡು ಮದರ್‌ಬೋರ್ಡ್‌ಗಳನ್ನು ತಂದು ಮೇಜಿನ ಮೇಲಿಟ್ಟಳು. ಎರಡೂ ತೋರಿಸಲೆಂದೇ ಇಟ್ಟುಕೊಂಡಿದ್ದ ಬೋರ್ಡ್‌ಗಳು. ಒಂದಕ್ಕೆ ವೈರ್ ಚುಚ್ಚಿದೊಡನೆ ಅದರ ಅಂಚಿನಲ್ಲೆಲ್ಲ ಬಣ್ಣದ ಬೆಳಕು ಓಡಾಡಿತು. ನೀಲಿ ಹೋಗಿ ಹಸಿರು, ಹಸಿರು ಹೋಗಿ ನೇರಳೆ.

"ಇದಿದ್ರೆ ಮನೆಗೆ ಬೇರೆ ದೀಪವೇ ಬೇಡ," ಎಂದರು ಅಜ್ಜಿ.

ಇಡೀ ಐದನೇ ಕ್ಲಾಸು ತನ್ನ ಮನೆಗೆ ಬಂದು ಬಾಯಿ ಬಿಟ್ಟುಕೊಂಡು ನಿಂತಿರುವುದು ಚಿಣ್ಣಿಯ ಕಣ್ಣಿಗೆ ಕಟ್ಟಿತು. ಇನ್ನೊಂದು ಬೋರ್ಡಿಗೆ ಬೆಳಕೂ ಇರಲಿಲ್ಲ, ಬಣ್ಣವೂ ಇರಲಿಲ್ಲ. ಒದ್ದೆ ಸ್ಲೇಟಿನ ಹಾಗಿತ್ತು.

"ಇದ್ಯಾಕಕ್ಕ ಮುಖ ಗಂಟು ಹಾಕ್ಕೊಂಡಿದೆ?"

"ಅದರ ಸ್ವಭಾವನೇ ಹಾಗೆ ಪುಟ್ಟಿ. ಕೆಲಸದಲ್ಲಿ ಎರಡೂ ಒಂದೇ."

ಅಜ್ಜಿ ಟೇಪು ತೆಗೆದು ಎರಡನ್ನೂ ಅಳೆದರು. ಉದ್ದ ಸರಿ, ಅಗಲ ಸರಿ. ಪ್ರೊಸೆಸರ್ ಎರಡಕ್ಕೂ ಹೊಂದುತ್ತದೆ ಎಂದಳು ಅಕ್ಕ.

"ಹಾಗಿದ್ರೆ ಲೈಟಿಂದೇ," ಎಂದಳು ಚಿಣ್ಣಿ.

ಅಕ್ಕ ಒಳಗಿನಿಂದ ಹೊಸ ಪೆಟ್ಟಿಗೆ ತಂದಳು. "ಗಟ್ಟಿಯಾಗಿ ಹೇಳು. ಸೀಲ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ."

ಚಿಣ್ಣಿ ಪಕ್ಕಕ್ಕೆ ತಿರುಗಿದಳು. ಅಜ್ಜ ಪಕ್ಕದಲ್ಲಿದ್ದಿದ್ದರೆ ಒಂದು ಸಲ ಅವರ ಮುಖ ನೋಡಿದ್ದರೆ ಸಾಕಿತ್ತು.

"ತಾಳಮ್ಮ," ಎಂದರು ಅಜ್ಜಿ. "ಚೀಟಿ ಮುಗಿದಿಲ್ಲ. ಹಿಂದೆ ಇನ್ನೊಂದು ಸಾಲಿದೆ."

ಅಕ್ಕ ಚೀಟಿ ತಿರುಗಿಸಿದಳು. "ಒಳಗೆ ಬಟ್ಟೆ ಬಿಡುವುದು." ಇನ್ನೊಮ್ಮೆ ಓದಿದಳು. "ಬೋರ್ಡಿನ ಒಳಗೆ ಬಟ್ಟೆ ಬಿಟ್ರೆ ಹೊಗೆ ಬರುತ್ತೆ ಅಜ್ಜಿ. ಧೂಳು ಒರೆಸೋ ಬಟ್ಟೆ ಇರಬಹುದಾ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಐದು ವಾರದಲ್ಲಿ ಅದೇ ಮೊದಲು. ನಗುತ್ತಾ ನಗುತ್ತಾ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಟ್ಟೆ ಬಿಡೋದು ಅಂದ್ರೆ ನಂಗೊತ್ತು. ಆದ್ರೆ ಇದರಲ್ಲಿ ಅದೆಲ್ಲಿ ಬಿಡ್ತಾರೋ ಕಾಣೆ."

ಅಜ್ಜಿಗೆ ಬಟ್ಟೆ ಗೊತ್ತು, ಬೋರ್ಡ್ ಗೊತ್ತಿಲ್ಲ. ಅಕ್ಕನಿಗೆ ಬೋರ್ಡ್ ಗೊತ್ತು, ಬಟ್ಟೆ ಗೊತ್ತಿಲ್ಲ. ಇಬ್ಬರೂ ಚಿಣ್ಣಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

ತಗ್ಗಿಸಿದಾಗ ಅವಳ ಯೂನಿಫಾರ್ಮ್ ಸ್ಕರ್ಟು ಕಾಣಿಸಿತು. ಅಂಚಿನಿಂದ ಸ್ವಲ್ಪ ಮೇಲೆ ಎರಡು ಮಾಸಲು ಗೆರೆ. ಮೇಲಿನದು ಮೂರನೇ ಕ್ಲಾಸಿನ ಅಂಚು, ಅದರ ಕೆಳಗಿನದು ನಾಲ್ಕನೇ ಕ್ಲಾಸಿನದು. ಅಜ್ಜ ಹೊಲಿಯುವಾಗಲೇ ಬಟ್ಟೆಯನ್ನು ಒಳಗೆ ಮಡಚಿ ಬಿಟ್ಟಿದ್ದರು. ಅವಳು ಉದ್ದವಾದ ಹಾಗೆಲ್ಲ ಒಂದೊಂದು ಮಡಿಕೆ ಬಿಚ್ಚಿದ್ದರು.

ಚಿಣ್ಣಿ ಬೆರಳಿನಿಂದ ಆ ಗೆರೆಯನ್ನು ಸವರಿದಳು.

"ಅಕ್ಕ, ಮುಂದೆ ನಾನು ಇನ್ನೂ ರ್‍ಯಾಮ್ ಹಾಕ್ಬೇಕು ಅಂದ್ರೆ ಯಾವುದರಲ್ಲಿ ಜಾಗ ಇದೆ?"

ಅಕ್ಕ ಬಾಗಿ ತೋರಿಸಿದಳು. "ಲೈಟಿಂದಕ್ಕೆ ಎರಡೇ ಸ್ಲಾಟ್. ನಿನ್ನ ಎರಡು ರ್‍ಯಾಮ್ ಹಾಕಿದ್ರೆ ಭರ್ತಿ. ಇದಕ್ಕೆ ನಾಲ್ಕಿದೆ, ಎರಡು ಖಾಲಿ ಉಳಿಯುತ್ತೆ. ಪಕ್ಕದಲ್ಲಿ ಬೇರೆ ಕಾರ್ಡ್‌ಗೂ ಜಾಗ ಬಿಟ್ಟಿದ್ದಾರೆ. ನೀನು ಕಾಲೇಜಿಗೆ ಹೋಗೋ ತನಕ..." ಅವಳು ಅರ್ಧದಲ್ಲೇ ನಿಲ್ಲಿಸಿ ಚೀಟಿಯನ್ನೊಮ್ಮೆ ನೋಡಿದಳು.

ಮೊದಲ ಬೋರ್ಡಿನಲ್ಲಿ ನೇರಳೆ ಹೋಗಿ ಮತ್ತೆ ನೀಲಿ ಬಂತು. ತುಂಬ ಚೆಂದದ ನೀಲಿ. ಅದು ಹಸಿರಾಗುವವರೆಗೂ ಚಿಣ್ಣಿ ನೋಡಿದಳು.

"ಮುಖ ಗಂಟು ಹಾಕ್ಕೊಂಡಿರೋದನ್ನೇ ಕೊಡಿ ಅಕ್ಕ."

"ಗಟ್ಟಿನಾ?"

"ಗಟ್ಟಿ," ಎಂದಳು ಚಿಣ್ಣಿ. ಈ ಸಲ ಅವಳು ಪಕ್ಕಕ್ಕೆ ತಿರುಗಿ ಯಾರ ಮುಖವನ್ನೂ ಹುಡುಕಲಿಲ್ಲ.

ಅಕ್ಕ ಒಳಗೆ ಹೋಗಿ ಪೆಟ್ಟಿಗೆ ಬದಲಿಸಿ ತಂದು ಸೀಲ್ ಒಡೆದಳು. ತಲೆಯ ಗಂಟಿನಿಂದ ಸ್ಕ್ರೂಡ್ರೈವರ್ ಎಳೆದಾಗ ಕೂದಲು ಬಿಚ್ಚಿ ಬೆನ್ನ ಮೇಲೆ ಬಿತ್ತು. ಪ್ರೊಸೆಸರ್ ಕತ್ತಿನಲ್ಲಿ ಕುಳಿತಿತು. ರ್‍ಯಾಮ್ ಎರಡೂ ಕಟಕ್ ಕಟಕ್ ಎಂದವು. ಬೋರ್ಡ್ ಕ್ಯಾಬಿನೆಟ್ಟಿನೊಳಗೆ ಇಳಿಯಿತು, ಎಲ್ಲಿಯೂ ಎಳೆಯಲಿಲ್ಲ, ಎಲ್ಲಿಯೂ ಜೋಲಲಿಲ್ಲ. ಅಕ್ಕ ಸ್ವಿಚ್ ಒತ್ತಿದೊಡನೆ ಫ್ಯಾನ್ ತಿರುಗಿತು.

"ಉಸಿರಾಡ್ತಿದೆ," ಎಂದರು ಅಜ್ಜಿ, ಮೆಲ್ಲಗೆ.

ಆಮೇಲೆ ಅಲ್ಲೇ, ವೈರುಗಳ ಮಧ್ಯೆ, ಕೈ ಜೋಡಿಸಿ ಕಣ್ಣು ಮುಚ್ಚಿದರು. ಅಕ್ಕ ಸ್ಕ್ರೂಡ್ರೈವರನ್ನು ಸದ್ದಾಗದಂತೆ ಕೆಳಗಿಟ್ಟಳು. ಚಿಣ್ಣಿಯೂ ಕೈ ಜೋಡಿಸಿದಳು.

"ದೇವರೇ," ಎಂದರು ಅಜ್ಜಿ, "ನಮ್ಮನೆ ಟೈಲರು ನಿನ್ನ ಹತ್ರ ಬಂದಿದ್ದಾರೆ. ಇಲ್ಲಿ ಐವತ್ತು ವರ್ಷ ಜನ ಬಾಗಿಲಲ್ಲಿ ನಿಂತು, ಆಯ್ತಾ, ಆಯ್ತಾ ಅಂತ ಅವರ ತಲೆ ತಿಂದ್ರು. ನೀನು ಅವಸರ ಮಾಡ್ಬೇಡ. ಒಳ್ಳೆ ಬೆಳಕಿರೋ ಕಡೆ ಕೂರಿಸು. ಆ ಜೀವಕ್ಕೆ ಶಾಂತಿ ಕೊಡು."

ದಿನಕ್ಕೆ ಹತ್ತು ಸಲ 'ಆಯ್ತಾ ಅಜ್ಜ' ಎಂದು ಕೇಳುತ್ತಿದ್ದವಳು ಚಿಣ್ಣಿಯೇ. ಅವಳು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡು ಮನಸ್ಸಿನಲ್ಲೇ ಹೇಳಿದಳು: ನಾನೂ ಕೇಳಲ್ಲ ದೇವರೇ. ಅಜ್ಜ ನಿಧಾನವಾಗಿ, ನೆಮ್ಮದಿಯಾಗಿ ಇರಲಿ.