ಕಿವಿಗೆ ಕೂಡದ ಬಿರಡೆ

ಸಿರುಗುಪ್ಪದ ನಾಟಕದ ಪೆಂಡಾಲಿನಲ್ಲಿ ವೀರಭದ್ರಮ್ಮ ಹಾಡು ಎತ್ತಿಕೊಂಡಳಷ್ಟೇ, ಅವಳ ಕಿವಿಯಿಂದ ಕುಂಯ್ ಎಂದು ಸಿಳ್ಳೆ ಹೊರಟಿತು. ಕಿವಿ ಹಿಡಿದುಕೊಂಡು ಹಿಂದೆ ಸರಿದವಳು ರಂಗದಿಂದ ಕೆಳಗೆ ಬಿದ್ದಳು. ತಲೆ ಒಡೆದು ರಕ್ತ ಸುರಿಯಿತು. ಮುಂದೆ ಕೂತಿದ್ದ ದರ್ಜಿ ದಸ್ತಗೀರಸಾಬ ಏಳುವಷ್ಟರಲ್ಲಿ ಅವನ ಗೆಳೆಯ, ನಿವೃತ್ತ ಇನ್‌ಸ್ಪೆಕ್ಟರ್ ಚಿದಾನಂದಪ್ಪ, ಆಗಲೇ ಅವಳ ಬಳಿಗೆ ಓಡಿದ್ದರು.

ವೀರಭದ್ರಮ್ಮನಿಗೆ ಕಿವಿ ಮಂದ. ಹಿಂದಿನ ವರ್ಷ, ೧೯೮೨ರಲ್ಲಿ, ಬಳ್ಳಾರಿಯ ಡಾಕ್ಟರೊಬ್ಬರು ಅವಳ ಕಿವಿಯ ಅಚ್ಚು ತೆಗೆದು, ಅದರ ಅಳತೆಗೇ ಒಂದು ಬಿರಡೆ ಮಾಡಿಸಿಕೊಟ್ಟಿದ್ದರು. ಎದೆಗೆ ಸಿಕ್ಕಿಸಿದ ಶ್ರವಣಯಂತ್ರದ ವೈರು ಆ ಬಿರಡೆಗೆ ಸೇರುತ್ತಿತ್ತು. ರಂಗಕ್ಕೆ ಬಂದ ಮೇಲೆ ಯಂತ್ರದ ಸದ್ದು ಏರಿಸಿ, ಅದರಲ್ಲೇ ಹಾರ್ಮೋನಿಯಂ ಕೇಳಿಸಿಕೊಂಡು ಅವಳು ಹಾಡುತ್ತಿದ್ದಳು.

ಬಣ್ಣ ಹಚ್ಚಿಕೊಳ್ಳುವಾಗ ಅವಳು ಯಂತ್ರ, ಬಿರಡೆ ಎರಡನ್ನೂ ಬಿಚ್ಚಿಡುತ್ತಿದ್ದಳು. ಅಂದು ಆ ಹೊತ್ತಿಗೆ ಬಣ್ಣದ ಕೋಣೆಗೆ ಬಂದುಹೋದವರು ಮೂವರೇ. ಯಂತ್ರ ಕಾಯುವ ಅವಳ ತಮ್ಮ ಎರ್ರಿಸ್ವಾಮಿ, ನಾಯಕಿಯ ಪಾತ್ರಕ್ಕೆ ಆಸೆಪಟ್ಟಿದ್ದ ಹನುಮಮ್ಮ, ಹಾಡು ಕಲಿಸಿದ ಗುರು, ಹಾರ್ಮೋನಿಯಂ ನುಡಿಸುವ ಕುರುಗೋಡಿನ ಗಾದಿಲಿಂಗಪ್ಪ ಮಾಸ್ತರು. ಜನರ ಬೆರಳು ಹನುಮಮ್ಮನ ಕಡೆಗೇ ಹೋಯಿತು. ಸಡಿಲವಾಗಿದೆ ಎಂದು ವೀರಭದ್ರಮ್ಮ ಹೇಳಿದ್ದಕ್ಕೆ ಬಿರಡೆಯನ್ನು ಗಟ್ಟಿಯಾಗಿ ಒತ್ತಿದ್ದಷ್ಟೇ ತನ್ನ ತಪ್ಪೆಂದು ಅವಳು ಅತ್ತಳು.

ಚಿದಾನಂದಪ್ಪನವರು ಮಾಸ್ತರ ಎಡಕ್ಕೆ ನಿಂತು, ಕೋಣೆಗೆ ಯಾವಾಗ ಬಂದಿರೆಂದು ಮೆಲ್ಲಗೆ ಕೇಳಿದರು.

"ನನಗ ಊಟ ಬ್ಯಾಡ್ರಿ," ಎಂದರು ಮಾಸ್ತರು.

ಪಾಪ, ಸಂಕಟದಲ್ಲಿ ತಲೆಯೇ ಓಡುತ್ತಿಲ್ಲ ಎಂದುಕೊಂಡ ದಸ್ತಗೀರಸಾಬ.

ವೀರಭದ್ರಮ್ಮ ಚೇತರಿಸಿಕೊಂಡ ಮೇಲೆ ಬಳ್ಳಾರಿಯ ಅವಳ ಮನೆಯಲ್ಲಿ ಚಿದಾನಂದಪ್ಪ ಎಲ್ಲರನ್ನೂ ಕೂಡಿಸಿದರು. ಅದೇ ಬಿರಡೆಯನ್ನು ಅವಳ ಕಿವಿಗಿಟ್ಟರು, ಸಿಳ್ಳೆ ಹೊಡೆಯಿತು. ಹನುಮಮ್ಮನ ಕಿವಿಯಲ್ಲೂ, ಎರ್ರಿಸ್ವಾಮಿಯ ಕಿವಿಯಲ್ಲೂ ಹೊಡೆಯಿತು. ಮಾಸ್ತರು ಬೇಡವೆಂದು ಕೈ ಅಡ್ಡ ಹಿಡಿದರು. ಚಿದಾನಂದಪ್ಪ ಬಿಡದೆ ಯಂತ್ರವನ್ನು ಅವರ ಎದೆಗೆ ಸಿಕ್ಕಿಸಿದರು. ಮಾಸ್ತರ ಎಡಗಿವಿಯಲ್ಲಿ ಬಿರಡೆ ಮುಚ್ಚಳದಂತೆ ಕೂತಿತು. ಸಿಳ್ಳೆಯ ಸದ್ದೇ ಇಲ್ಲ.

ದಸ್ತಗೀರಸಾಬ ಬಾಗಿ ಮಾಸ್ತರ ಕಿವಿಯನ್ನೇ ನೋಡಿದ.

"ಯಂತ್ರ ಕೆಟ್ಟಿಲ್ಲ," ಎಂದರು ಚಿದಾನಂದಪ್ಪ. "ಕಿವ್ಯಾಗ ಸರಿ ಕೂಡದಿದ್ರ ಸದ್ದು ಹೊರಗ ಸೋರಿ, ತಿರುಗಿ ಯಂತ್ರಕ್ಕ ಬಿದ್ದು ಸಿಳ್ಳಿ ಹೊಡೀತೈತಿ. ಅಂದ್ರ ಬಿರಡಿ ಅದಲುಬದಲಾಗೇತಿ. ಇಂಥಾದ್ದನ್ನ ಮಾಡಿಸಿಕೊಳ್ಳೋರು ಯಾರು? ಕಿವಿ ಕೇಳದವರು. ಹೊತ್ತು ಕೇಳಿದ್ರ ಊಟದ ಮಾತಾಡಿದವರು ಒಬ್ಬರೇ."

ಮಾಸ್ತರು ಅಂಗಿಯ ಒಳಜೇಬಿನಿಂದ ವೀರಭದ್ರಮ್ಮನ ಬಿರಡೆಯನ್ನು ತೆಗೆದು ನೆಲದ ಮೇಲಿಟ್ಟರು. ಕಿವಿ ಹೋಗುತ್ತಿರುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಬಿರಡೆಯನ್ನು ಗುಟ್ಟಾಗಿ ಮಾಡಿಸಿಕೊಂಡರೂ, ಮಂದಿಯ ಮುಂದೆ ಹಾಕಿಕೊಳ್ಳಲು ನಾಚಿಕೆಪಟ್ಟಿದ್ದರು. ಹಾರ್ಮೋನಿಯಂ ಮೇಲೆ ಬೆರಳು ತಪ್ಪುತ್ತಿತ್ತು. ಯಂತ್ರದಲ್ಲಿ ಕೇಳುವ ಶಿಷ್ಯೆ ಅದನ್ನು ಇವತ್ತಲ್ಲ ನಾಳೆ ಹಿಡಿಯುತ್ತಾಳೆ, ನಾಟಕ ಕಂಪನಿ ತನ್ನನ್ನು ಹೊರಗೆ ಹಾಕುತ್ತದೆ ಎಂಬ ಭಯ. ಆ ರಾತ್ರಿ ಅವಳಿಗೆ ಸರಿಯಾಗಿ ಕೇಳಿಸದಿದ್ದರೆ ಸಾಕೆಂದಿದ್ದರೇ ಹೊರತು ಬೀಳಲೆಂದು ಬಯಸಿರಲಿಲ್ಲ.

ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ವೀರಭದ್ರಮ್ಮ ಎದ್ದು ಬಂದು ಗುರುವಿನೆದುರು ಕೂತಳು. ಯಂತ್ರ ಇನ್ನೂ ಅವರ ಎದೆಯ ಮೇಲಿತ್ತು, ಬಿರಡೆ ಕಿವಿಯಲ್ಲೇ ಇತ್ತು.

"ನೀವು ತಪ್ಪತೀರಿ ಅನ್ನೋದು ಇದನ್ನ ಹಾಕ್ಕೊಂಡ ಮೊದಲನೇ ದಿನಾನ ನನಗ ಗೊತ್ತಾತು, ಮಾಸ್ತರ. ಮಂದಿಗೆ ತಿಳೀಬಾರದಂತ, ನೀವು ತಪ್ಪಿದಲ್ಲಿ ನಾನೂ ತಪ್ಪಿ ಹಾಡಿದೆ."

ಮಾಸ್ತರಿಗೆ ಅದರ ಒಂದೊಂದು ಅಕ್ಷರವೂ ಕೇಳಿಸಿತು.