ಹಲಗೆಯ ಮೇಲೆ ಐವತ್ತೆರಡು

ಮಾರ್ಚ್ 16, ಭಾನುವಾರ. ಬೆಳಗ್ಗೆ 7 ಗಂಟೆ 40 ನಿಮಿಷ 38 ಸೆಕೆಂಡ್.

ದೂರದ ಹಳದಿ ಕಂಬವನ್ನು ಕೆಂಪು ಹೆಲ್ಮೆಟ್ ದಾಟಿದ ಕೂಡಲೇ ಚೂಟಿ ಸ್ಟಾಪ್‌ವಾಚ್ ಒತ್ತಿದಳು.

"ಒತ್ತಿದ್ಯಾ?" ಎಂದ ಮಾವ.

"ಒತ್ತಿದೆ. ಈಗ ಮಾತಾಡಿಸ್ಬೇಡ ಮಾವ."

ಕೆಂಪು ಹೆಲ್ಮೆಟ್ಟಿನ ಹುಡುಗಿ ತಲೆ ತಗ್ಗಿಸಿಕೊಂಡು ಅವರ ಮುಂದೆ ಸುಯ್ಯೆಂದು ಹಾದುಹೋದಳು. ಇನ್ನು ಉಳಿದವಳು ಅಮ್ಮ ಒಬ್ಬಳೇ.

ಇದು ಸೈಕಲ್ ಚಾಂಪಿಯನ್‌ಶಿಪ್ಪಿನ ಟೈಮ್ ಟ್ರಯಲ್. ಇದರಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬರು ಹೊರಟು ಒಂದು ನಿಮಿಷವಾದ ಮೇಲೆ ಇನ್ನೊಬ್ಬರು. ಅಪ್ಪ ಹೇಳಿಕೊಟ್ಟದ್ದು ಹಾಗೆ. ಹತ್ತು ಕಿಲೋಮೀಟರ್ ಹೋಗಿ, ಅದೇ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ವಾಪಸು ಬರಬೇಕು. ಕಡಿಮೆ ಹೊತ್ತು ತೆಗೆದುಕೊಂಡವರು ಗೆದ್ದಂತೆ. ಹಿಂದಿನ ವರ್ಷ ಗೆದ್ದವರು ಕೊನೆಗೆ ಹೊರಡುತ್ತಾರೆ. ನಾಲ್ಕು ವರ್ಷದಿಂದ ಕೊನೆಗೆ ಹೊರಡುತ್ತಿರುವವಳು ಚೂಟಿಯ ಅಮ್ಮ. ಅವಳಿಗೆ ಸರಿಸಾಟಿ ಎಂದರೆ ಕೆಂಪು ಹೆಲ್ಮೆಟ್ಟಿನವಳು ಒಬ್ಬಳೇ.

ವಾರಕ್ಕೆ ಆರು ದಿನ ಅಮ್ಮ ಮನೆಮನೆಗೆ ಅಂಚೆ ಹಂಚುತ್ತಾಳೆ. ರೇಸಿನಲ್ಲಿ ಅವಳಿಗೆ ಒಂದು ಕಿಲೋಮೀಟರಿಗೆ ತೊಂಬತ್ತು ಸೆಕೆಂಡ್. ಮೊದಲನೆಯದಕ್ಕೂ ಅಷ್ಟೇ, ಕೊನೆಯದಕ್ಕೂ ಅಷ್ಟೇ. ಕ್ಲಬ್ಬಿನವರು ಅವಳನ್ನು 'ಗಡಿಯಾರ' ಎಂದೇ ಕರೆಯುತ್ತಾರೆ. ಅವಳ ಸೈಕಲ್ಲಿಗೆ ವೇಗ ತೋರಿಸುವ ಮೀಟರ್ ಇಲ್ಲ. "ಅದನ್ನ ನೋಡ್ತಾ ಕೂತ್ರೆ ತುಳಿಯೋದ್ಯಾರು?" ಎನ್ನುತ್ತಾಳೆ. ತಾನು ಮುಂದಿದ್ದೇನೋ ಹಿಂದಿದ್ದೇನೋ ಎಂದು ಅವಳಿಗೆ ತಿಳಿಯುವುದು ಏಳನೇ ಕಿಲೋಮೀಟರಿನಲ್ಲಿ ಮನೆಯವರು ಬರೆದು ತೋರಿಸುವ ಹಲಗೆಯಿಂದ ಮಾತ್ರ.

ಹಲಗೆ ಹಿಡಿಯುವುದು ಅಪ್ಪನ ಕೆಲಸವಾಗಿತ್ತು. ಇವತ್ತು ಅಪ್ಪನಿಗೆ ಬೇಕರಿಯಲ್ಲಿ ಬೆಳಗಿನ ಪಾಳಿ. ಮಾವ ಸೈಕಲ್ ರಿಪೇರಿಯಲ್ಲಿ ಗಟ್ಟಿಗ, ಆದರೆ "ಲೆಕ್ಕ ಅಂದ್ರೆ ನಂಗೆ ಜ್ವರ ಬರುತ್ತೆ" ಎಂದು ಮೊದಲೇ ಕೈ ಎತ್ತಿದ್ದ. ಚೂಟಿ ಮೂರು ದಿನ ಅಮ್ಮನ ಬೆನ್ನು ಬಿದ್ದು ಆ ಕೆಲಸ ಗಿಟ್ಟಿಸಿಕೊಂಡಿದ್ದಳು.

ಲೆಕ್ಕ ಸುಲಭ. ಕೆಂಪು ಹೆಲ್ಮೆಟ್ಟಿನವಳೂ ಅಮ್ಮನೂ ಹಳದಿ ಕಂಬ ದಾಟುವ ನಡುವೆ ಎಷ್ಟು ಸೆಕೆಂಡ್ ಆಯಿತು ನೋಡು, ಅದರಲ್ಲಿ ಅರವತ್ತು ಕಳೆ. ಉಳಿದಷ್ಟು ಅಮ್ಮ ಹಿಂದೆ. ಅರವತ್ತಕ್ಕಿಂತ ಕಡಿಮೆ ಇದ್ದರೆ ಅಮ್ಮ ಮುಂದೆ.

ನಲವತ್ತು. ಐವತ್ತು. ಕಂಬದ ಹತ್ತಿರ ಯಾರೂ ಇಲ್ಲ.

ಅರವತ್ತು.

"ಮಾವ, ಅಮ್ಮ ಬರ್ಲಿಲ್ಲ!"

"ಬರ್ತಾಳೆ ತಾಳೇ."

ಎಂಬತ್ತು. ರಸ್ತೆ ಬಂದ್ ಆಗಿದ್ದರಿಂದ ನಿಂತಿದ್ದ ಹಾಲಿನ ವ್ಯಾನಿನವನು ಕಿಟಕಿಯಿಂದ ತಲೆ ಹೊರಹಾಕಿ, "ಏನ್ ಪುಟ್ಟಾ, ನಿಮ್ ಗಡಿಯಾರ ನಿಂತೋಯ್ತಾ?" ಎಂದು ನಕ್ಕ.

ನೂರು. ನೂರಹತ್ತು. ಅಲ್ಲಿ! ನೀಲಿ ಜೆರ್ಸಿ ಕಂಬ ದಾಟಿತು. ಒತ್ತು!

ನೂರಹನ್ನೆರಡು.

ಕಂಬದಿಂದ ಇಲ್ಲಿಗೆ ಇನ್ನೂರು ಮೀಟರ್, ಹದಿನೆಂಟು ಸೆಕೆಂಡ್. ಅಷ್ಟರೊಳಗೆ ಬರೆಯಬೇಕು. ನೂರಹನ್ನೆರಡರಲ್ಲಿ ಅರವತ್ತು ಹೋದರೆ ಐವತ್ತೆರಡು. ಸೀಮೆಸುಣ್ಣ ಎರಡು ತುಂಡಾಯಿತು. ಚೂಟಿ ದೊಡ್ಡದಾಗಿ ಬರೆದು ಹಲಗೆಯನ್ನು ತಲೆಯ ಮೇಲೆ ಎತ್ತಿದಳು:

52 ಹಿಂದೆ.

ಅಮ್ಮ ನೋಡಿದಳು. 'ಓದಿದೆ' ಎನ್ನಲು ಹ್ಯಾಂಡಲ್ಲಿನಿಂದ ಒಂದು ಬೆರಳು ಎತ್ತಿದಳು. ಮರುಕ್ಷಣ ಅವಳ ಬೆನ್ನು ಇನ್ನಷ್ಟು ಬಾಗಿತು. ಕಾಲುಗಳು ಚೂಟಿ ಎಂದೂ ನೋಡಿರದಷ್ಟು ಜೋರಾಗಿ ತಿರುಗತೊಡಗಿದವು.

"ಅಯ್ಯೋ," ಎಂದ ಮಾವ. "ಇನ್ನೂ ಅರ್ಧ ದಾರೀನೂ ಆಗಿಲ್ಲ. ಈಗ್ಲೇ ಇಷ್ಟು ಶಕ್ತಿ ಸುರಿದುಬಿಟ್ರೆ ಕೊನೇಲಿ ಕಾಲು ಹಿಡ್ಕೊಂಡುಬಿಡುತ್ತೆ."

ಅವನು ಪಂಕ್ಚರ್ ಆದರೆ ಇರಲೆಂದು ತಂದಿದ್ದ ಬದಲಿ ಚಕ್ರವನ್ನು ರಸ್ತೆ ಬದಿಯ ಗೋಡೆಗೆ ಒರಗಿಸಿ, ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆಂಬ ಪಟ್ಟಿಯನ್ನು ಜೇಬಿನಿಂದ ತೆಗೆದು ಗಾಳಿ ಹಾಕಿಕೊಳ್ಳತೊಡಗಿದ. ಕಾಗದ ಆಚೆ ಈಚೆ ಆಡುತ್ತಿತ್ತು. ಚೂಟಿಯ ಕಣ್ಣು ಅದರ ಕೊನೆಯ ಸಾಲುಗಳ ಮೇಲೆ ಬಿತ್ತು.

"ಮಾವ, ಕೊಡು ಅದನ್ನ!"

ನಂಬರ್ 17, ಕೆಂಪು ಹೆಲ್ಮೆಟ್ಟಿನವಳದು: 7:30. ನಂಬರ್ 18, ಅಮ್ಮನದು: 7:32.

ಅದರ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರಗಳಲ್ಲಿ: ಈ ವರ್ಷದಿಂದ ಕೊನೆಯ ಮೂವರು ಎರಡೆರಡು ನಿಮಿಷ ಬಿಟ್ಟು ಹೊರಡುವರು.

ಎರಡು ನಿಮಿಷ. ಅಂದರೆ ಕಳೆಯಬೇಕಾದದ್ದು ಅರವತ್ತಲ್ಲ, ನೂರಿಪ್ಪತ್ತು.

ಚೂಟಿ ಪಟ್ಟಿಯನ್ನು ಮಾವನ ಮುಂದೆ ಹಿಡಿದಳು. "ಅಮ್ಮ ಹಿಂದೆ ಇರ್ಲಿಲ್ಲ ಮಾವ. ಎಂಟು ಸೆಕೆಂಡ್ ಮುಂದಿದ್ಲು. ನಾನು... ನಾನು ತಪ್ಪು ಬರೆದೆ."

ಮಾವ ಪಟ್ಟಿಯನ್ನು ನೋಡಿದ. ಅವಳನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಫೋನ್ ಮಾಡೋಣ!"

"ರೇಸಲ್ಲಿ ಯಾರ ಹತ್ರ ಫೋನ್ ಇರುತ್ತೆ? ವಾಪಸ್ ಬರೋವಾಗ ಇಲ್ಲೇ ಹಾಯ್ತಾಳಲ್ಲ, ಆಗ ತೋರ್ಸು. '8 ಮುಂದೆ' ಅಂತ ಬರೆದ್ರೆ ಆಯ್ತು. ತಪ್ಪಾಯ್ತು ಅಂತೆಲ್ಲ ಊರಿಗೆ ಸಾರೋದು ಬೇಡ."

ಚೂಟಿ ಹಲಗೆ ಒರೆಸಿ '8 ಮುಂದೆ' ಎಂದು ಬರೆದಳು. ಅಮ್ಮ ಇದನ್ನು ನೋಡಿ ಏನೆಂದುಕೊಳ್ಳುತ್ತಾಳೆ? ಆಗ ಐವತ್ತೆರಡು ಹಿಂದೆ, ಈಗ ಎಂಟು ಮುಂದೆ. ಒಂದು ನಿಮಿಷ ಎಲ್ಲಿಂದ ಬಂತು ಎನ್ನುವುದಿಲ್ಲವೇ? ಎರಡರಲ್ಲಿ ಯಾವುದನ್ನು ನಂಬಬೇಕು?

ಕೆಂಪು ಹೆಲ್ಮೆಟ್ ವಾಪಸು ಹೋಯಿತು. ಹಾಲಿನ ವ್ಯಾನಿನವನು ಕೆಳಗಿಳಿದು ಬಂದು, ಕೈಕಟ್ಟಿಕೊಂಡು ಹಲಗೆಯನ್ನೇ ನೋಡುತ್ತ ನಿಂತ. ಅವನ ಹಿಂದೆ ಇನ್ನೂ ನಾಲ್ಕು ಜನ.

ತಿರುವಿನಲ್ಲಿ ನೀಲಿ ಜೆರ್ಸಿ ಕಾಣಿಸಿತು. ಅದು ಅಮ್ಮನ ಸವಾರಿಯಂತಿರಲಿಲ್ಲ. ಭುಜಗಳು ಅತ್ತಿತ್ತ ತೂಗುತ್ತಿದ್ದವು. ಬಾಯಿ ತೆರೆದಿತ್ತು.

ಚೂಟಿ ತೋಳಿನಿಂದಲೇ ಹಲಗೆ ಒರೆಸಿದಳು. ಮಾವ "ಏಯ್, ಏನ್ಮಾಡ್ತಿದ್ದೀಯ!" ಎನ್ನುವಷ್ಟರಲ್ಲಿ ಬರೆದು ಎತ್ತಿ ಹಿಡಿದಿದ್ದಳು:

ನನ್ನ ತಪ್ಪು. 8 ಮುಂದೆ.

ಯಾರೋ ಹಿಂದಿನಿಂದ ಕಿಸಕ್ಕೆಂದರು. ಚೂಟಿ ತಿರುಗಿ ನೋಡಲಿಲ್ಲ.

ಅಮ್ಮ ಹಾದುಹೋದಳು. ಬೆರಳು ಏಳಲಿಲ್ಲ.

ಹತ್ತು ಮೀಟರ್ ಹೋದ ಮೇಲೆ ಎದ್ದಿತು. ಭುಜಗಳ ತೂಗಾಟ ನಿಂತಿತು.

ರಸ್ತೆ ಬಂದ್ ಆಗಿದ್ದರಿಂದ ಮಾವನ ಸ್ಕೂಟರಿನಲ್ಲಿ ಅವರು, ಕೊನೆಯ ಸವಾರರ ಹಿಂದೆ ಬರುವ ರೇಸಿನ ಆಂಬುಲೆನ್ಸನ್ನು ದಾಟದೆ ಅದರ ಹಿಂದೆಯೇ ಹೋಗಬೇಕಾಗಿತ್ತು. ಏಳು ಕಿಲೋಮೀಟರ್ ಇಷ್ಟು ಉದ್ದವಿರುತ್ತದೆಂದು ಚೂಟಿಗೆ ಗೊತ್ತಿರಲಿಲ್ಲ.

ಅವರು ತಲುಪಿದಾಗ ಅಮ್ಮ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ಮುಖದ ಮೇಲೆ ಒದ್ದೆ ಟವಲ್ ಇತ್ತು. ಚೂಟಿ ಹಲಗೆ, ಸೀಮೆಸುಣ್ಣ ಕೆಳಗಿಟ್ಟು ಪಕ್ಕದಲ್ಲಿ ಕುಕ್ಕರಿಸಿದಳು.

"ಅಮ್ಮಾ, ಗೆದ್ಯಾ?"

"ಗೊತ್ತಿಲ್ಲ ಕಣೇ." ಟವಲ್ಲಿನ ಒಳಗಿನಿಂದ ಮಾತು ಬಂತು. "ಆ ಟೈಮ್‌ಕೀಪರ್ ಎರಡೆರಡು ಸಲ ನೋಡ್ದೆ ಬಾಯೇ ಬಿಡಲ್ಲ. ಆ ಐವತ್ತೆರಡು ನೋಡಿ ಜೀವ ಬಾಯಿಗೆ ಬಂದಿತ್ತು. ಹುಚ್ಚು ಹಿಡಿದವಳ ಹಾಗೆ ತುಳಿದೆ."

"ಲೆಕ್ಕ ತಪ್ಪಿರಬಹುದು ಅಂತ ಅನ್ನಿಸ್ಲಿಲ್ವಾ ನಿಂಗೆ?"

"ನೀನು ಬರೆದಿದ್ದಲ್ವಾ? ಅನ್ನಿಸ್ಲಿಲ್ಲ."

ಚೂಟಿಗೆ ಅಳು ಒತ್ತರಿಸಿ ಬಂತು. ಆದರೂ ಕೇಳಿದಳು. "ಮತ್ತೆ ಎರಡನೇ ಸಲದ್ದನ್ನ ಹೇಗೆ ನಂಬಿದೆ?"

ಅಮ್ಮ ಟವಲ್ ಸರಿಸಿ ಒಂದು ಕಣ್ಣಿನಿಂದ ಅವಳನ್ನು ನೋಡಿದಳು. "ತಪ್ಪು ಅಂತ ಬರೆದಿದ್ಯಲ್ಲ."

ಅಷ್ಟರಲ್ಲಿ ಟೈಮ್‌ಕೀಪರ್ ಬಂದು ಬೋರ್ಡಿಗೆ ಒಂದು ಹಾಳೆ ಚುಚ್ಚಿ, ಕನ್ನಡಕ ಏರಿಸಿಕೊಂಡು ನಿಂತರು. ಜನ ಮುತ್ತಿಕೊಂಡರು.

"ನಾನು ನೋಡ್ಕೊಂಡ್ ಬರ್ತೀನಿ," ಎಂದು ಮಾವ ಎದ್ದ.

"ನೀನು ಕೂತ್ಕೋ. ನಿಂಗೆ ಜ್ವರ ಬರುತ್ತೆ," ಎಂದಳು ಅಮ್ಮ. ಹುಲ್ಲಿನ ಮೇಲೆ ಬಿದ್ದಿದ್ದ ಸೀಮೆಸುಣ್ಣದ ತುಂಡನ್ನು ಎತ್ತಿ ಚೂಟಿಯ ಕೈಗಿಟ್ಟಳು.

ಚೂಟಿ ಜನರ ನಡುವೆ ನುಸುಳಿ ಹಾಳೆಯ ಮುಂದೆ ನಿಂತಳು. ಮೊದಲು ಕೆಳಗಿನ ಚಿಕ್ಕ ಅಕ್ಷರಗಳನ್ನು ಓದಿದಳು. ಆಮೇಲೆ ಹೊರಟ ಹೊತ್ತು. ಆಮೇಲೆ ಮುಟ್ಟಿದ ಹೊತ್ತು. ನಂಬರ್ 17: 7:30:00, 8:00:23. ನಂಬರ್ 18: 7:32:00, 8:01:56. ಒಂದು ಸಲ ಕಳೆದಳು. ಬೆರಳು ಮಡಿಸಿ ಇನ್ನೊಂದು ಸಲ ಕಳೆದಳು.

ನಂತರ ಅಮ್ಮನ ಹತ್ತಿರ ಬಂದು, ಅವಸರವಿಲ್ಲದೆ, ಹಲಗೆಯ ಮೇಲೆ ಬರೆದಳು:

27 ಸೆಕೆಂಡ್ ಮುಂದೆ.