ಅತ್ತೆ ಬರೆಯಬೇಕಾದ ಶಿಫಾರಸು

ಲಾಡ್ಜಿನಿಂದ ಬರುವ ದೊಡ್ಡ ಬೆಡ್‌ಶೀಟುಗಳನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಅತ್ತೆ ಆ ತುದಿಯ ಎರಡು ಮೂಲೆ ಹಿಡಿದರೆ ಸೊಸೆ ಈ ತುದಿಯ ಎರಡು ಮೂಲೆ ಹಿಡಿಯಬೇಕು. ಒಮ್ಮೆ ಕೊಡವಿ, ಉದ್ದಕ್ಕೆ ಮಡಿಸಿ, ಒಬ್ಬರ ಕಡೆಗೊಬ್ಬರು ನಡೆದುಬಂದು, ಸೊಸೆ ತನ್ನ ಮೂಲೆಗಳನ್ನು ಅತ್ತೆಯ ಕೈಗೆ ಒಪ್ಪಿಸಬೇಕು. ಆ ಲಾಂಡ್ರಿಯಲ್ಲಿ ಅವರಿಬ್ಬರ ಮುಖ ಅಷ್ಟು ಹತ್ತಿರ ಬರುತ್ತಿದ್ದದ್ದು ಆಗ ಮಾತ್ರ. ಹೇಳುವುದನ್ನು ಹಾಗೆ ಹತ್ತಿರ ಬಂದಾಗಲೇ ಹೇಳಿಬಿಡಬೇಕೆಂದು ಸೊಸೆ ಬೆಳಗಿನಿಂದ ಕಾದಿದ್ದಳು. ರಾಶಿ ಅರ್ಧ ಕರಗಿದರೂ ಬಾಯಿ ಬರಲಿಲ್ಲ.

"ಅತ್ತೆ... ಆ ಕಾಗದ?"

"ಯಾವ ಕಾಗದ?"

"ಅದೇ, ಎಂ.ಬಿ.ಎ.ಗೆ ಅರ್ಜಿ ಹಾಕ್ತಿದ್ದೀನಲ್ಲ. ನನ್ನ ಕೆಲಸ ಹೇಗಿದೆ ಅಂತ ನನ್ನ ಮೇಲಧಿಕಾರಿ ಬರೆದು ಕಳಿಸ್ಬೇಕಂತೆ. ಹೋದ ತಿಂಗಳೇ ಕೇಳಿದ್ದೆ."

"ನಾನೇನು ಆಫೀಸರಾ?"

ಇಸ್ತ್ರಿ ಮೇಜಿನ ಹಿಂದಿನಿಂದ ಮಗ ನಕ್ಕ. "ನಿನಗಿಂತ ದೊಡ್ಡ ಆಫೀಸರ್ ಯಾರಮ್ಮ ಇದ್ದಾರೆ? ಸಿನಿಮಾಕ್ಕೆ ಹೋಗ್ಬೇಕಾದ್ರೂ ನಾನು ನಿನ್ನ ಹತ್ರ ರಜಾ ಕೇಳ್ತೀನಲ್ಲ!"

"ನೀನು ಸುಮ್ನಿರೋ. ಕೋಟಿನ ತೋಳು ಸುಡ್ತಿದೆ, ನೋಡು."

ಮಾತು ಅಲ್ಲಿಗೇ ಮುಗಿಯಿತು. ಶೀಟು ಕೈ ಬದಲಾಯಿತು. ಅತ್ತೆ ಹಿಂದೆ ಸರಿದಳು.

ಗಂಡ ತೀರಿಕೊಂಡ ಮೇಲೆ ಆ ಲಾಂಡ್ರಿಯನ್ನು ಒಬ್ಬಳೇ ಎತ್ತಿ ನಿಲ್ಲಿಸಿದ ಹೆಂಗಸು ಅವಳು. ಸೊಸೆ ಬಿ.ಕಾಂ. ಮುಗಿಸಿ ಆ ಮನೆಗೆ ಬಂದವಳು. ಬಂದ ವಾರದಲ್ಲೇ ಕೌಂಟರಿಗೆ ನಿಂತವಳು. ಬೇರೆಲ್ಲೂ ಕೆಲಸ ಮಾಡಿ ಗೊತ್ತಿಲ್ಲ. ಹಾಗಾಗಿ ಅವಳ ಕೆಲಸಕ್ಕೆ ಸಾಕ್ಷಿ ಹೇಳಬಲ್ಲವಳು ಪ್ರಪಂಚದಲ್ಲಿ ಅತ್ತೆ ಒಬ್ಬಳೇ! ಬಿಸಿನೆಸ್ ಸ್ಕೂಲು ಇದ್ದದ್ದು ಬೇರೆ ಊರಿನಲ್ಲಿ. ಸೀಟು ಸಿಕ್ಕರೆ ಎರಡು ವರ್ಷ ಹಾಸ್ಟೆಲ್ ವಾಸ. ಅತ್ತೆಯ ಕಾಗದ ಹೋಗದಿದ್ದರೆ ಅರ್ಜಿಯೇ ಇಲ್ಲ.

ಅರ್ಜಿಯಲ್ಲಿ ಇನ್ನೊಂದು ಪ್ರಶ್ನೆಯಿತ್ತು. ಈ ಓದು ನಿಮಗೆ ಏಕೆ ಬೇಕು? 'ನಮ್ಮ ಅಂಗಡಿಯನ್ನು ಬೆಳೆಸಲು' ಎಂದು ಬರೆದಳು. ಓದಿ ನೋಡಿದರೆ ಯಾರೋ ಬೇರೆಯವರು ಹೇಳಿದ ಹಾಗಿತ್ತು. 'ನನ್ನ ಕಾಲ ಮೇಲೆ ನಿಲ್ಲಲು' ಎಂದು ತಿದ್ದಿದಳು. ಅದನ್ನು ಓದುತ್ತಲೇ ಅತ್ತೆಯ ಊದಿಕೊಂಡ ಪಾದಗಳು ಕಣ್ಣಿಗೆ ಕಟ್ಟಿ ಅದನ್ನೂ ಹೊಡೆದುಹಾಕಿದಳು. ಗಂಡನನ್ನು ಕೇಳಿದರೆ "ಹೋಗು, ನಾನು ಭಾನುವಾರ ಬಂದು ಹೋಗ್ತೀನಿ" ಎಂದುಬಿಟ್ಟ. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ಸಂತೋಷಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ... ಅದೂ ತಿಳಿಯಲಿಲ್ಲ ಅವಳಿಗೆ.

ಮತ್ತೊಮ್ಮೆ ಕೇಳಿದ್ದಕ್ಕೆ ಅತ್ತೆ ಸಿಡುಕಿದಳು. "ನನಗೆ ಅವೆಲ್ಲ ಬರೆಯೋಕೆ ಬರಲ್ಲ. ನಾನು ಬರೆದ ಹಾಗೆ ನೀನೇ ಬರ್ಕೋ. ಸೈನ್ ಹಾಕ್ತೀನಿ."

ಗಿರಾಕಿಗಳು ಕಡಿಮೆಯಿರುವ ಮಧ್ಯಾಹ್ನ ಸೊಸೆ ಕೌಂಟರಿನಲ್ಲಿ ಹಾಳೆ ಹಿಡಿದು ಕುಳಿತಳು. ತನ್ನನ್ನು ತಾನೇ ಹೊಗಳಿಕೊಳ್ಳಬೇಕು, ಅದೂ ಅತ್ತೆಯ ಬಾಯಲ್ಲಿ! ಕಣ್ಣು ಮುಚ್ಚಿ ಅತ್ತೆಯ ದನಿ ನೆನಪು ಮಾಡಿಕೊಂಡಳು. ದನಿ ಬಂತು. ಅದು ಹೇಳಿದ ಹಾಗೆ ಪೆನ್ನು ಓಡಿತು. ಬರೆದದ್ದನ್ನು ನೋಡಿ ಗಾಬರಿಯಾಗಿ ಹರಿಯಬೇಕು ಎನ್ನುವಷ್ಟರಲ್ಲಿ ಅತ್ತೆ ಒಳಗಿನಿಂದ ಬಂದಳು.

"ಆಯ್ತಾ? ಕೊಡು, ಸೈನ್ ಹಾಕಿಬಿಡ್ತೀನಿ."

"ಬೇಡ ಅತ್ತೆ, ಅದು ಸರಿಯಾಗಿಲ್ಲ..."

ಅತ್ತೆ ಆಗಲೇ ಕನ್ನಡಕ ಏರಿಸಿದ್ದಳು. ಗಟ್ಟಿಯಾಗಿ ಓದುವುದು ಅವಳ ಅಭ್ಯಾಸ.

"'ಇವಳು ಬಹಳ ದಿನದಿಂದ ನನ್ನ ಅಂಗಡಿಯಲ್ಲಿದ್ದಾಳೆ. ಕೈ ನಿಧಾನ. ಗಿರಾಕಿಗಳ ಹತ್ತಿರ ಮಾತು ಜಾಸ್ತಿ. ಡಾಕ್ಟರ ಬಿಳಿ ಕೋಟನ್ನು ಕೆಂಪು ಬಟ್ಟೆಯ ಜೊತೆ ಹಾಕಿ ಗುಲಾಬಿ ಮಾಡಿದ್ದಾಳೆ. ಏನು ಹೇಳಿದರೂ ಯಾಕೆ ಎನ್ನುತ್ತಾಳೆ...' ಇದೇನೇ ಇದು! ಪರ ಊರಿನವರ ಮುಂದೆ ನನ್ನ ಮಾನ ತೆಗೀಬೇಕು ಅಂತಾನಾ?"

"ಇಲ್ಲ ಅತ್ತೆ, ದೇವರಾಣೆಗೂ ಇಲ್ಲ! ಒಳ್ಳೇದು ಬರೀಬೇಕು ಅಂತಲೇ ಕೂತೆ. ನೀವು ಹೇಳಿದ ಹಾಗೆ ಇರ್ಬೇಕಲ್ಲ ಅಂತ ನಿಮ್ಮ ಮಾತು ನೆನೆಸ್ಕೊಂಡೆ. ಬೇರೆ ಏನೂ... ಬೇರೆ ಏನೂ ಕೇಳಿಸ್ಲೇ ಇಲ್ಲ ಅತ್ತೆ..."

ಅತ್ತೆ ಮಗನ ಕಡೆ ತಿರುಗಿದಳು. "ಏನೋ, ಇಷ್ಟೇನಾ ನಾನು ಇವಳಿಗೆ ಅಂದಿರೋದು?"

ಎಲ್ಲದಕ್ಕೂ ನಗೆಮಾತು ಹುಡುಕುವ ಮಗ ಆ ಹೊತ್ತು ತಲೆ ತಗ್ಗಿಸಿದ. "ಕೋಟಿನ ವಿಷಯ ಈಗಲೂ ಅಂತೀಯಲ್ಲಮ್ಮ..."

ಅತ್ತೆ ಹಾಳೆಯನ್ನು ಕೌಂಟರಿನ ಮೇಲಿಟ್ಟು ಒಳಗೆ ಹೋದಳು. ಆಮೇಲಿನ ದಿನಗಳಲ್ಲಿ ಶೀಟು ಮಡಿಸುವಾಗಲೂ ಮುಖ ಪಕ್ಕಕ್ಕೆ. ಕೊನೆಯ ತಾರೀಖು ಹತ್ತಿರ ಬರುತ್ತಿತ್ತು. ಸೊಸೆ ಮತ್ತೆ ಕೇಳಲಿಲ್ಲ. ಹಠವೋ, ಹೆದರಿಕೆಯೋ? ಕಾಗದ ಹೋಗದಿದ್ದರೆ ತಾನು ತೀರ್ಮಾನ ಮಾಡುವ ಕಷ್ಟವೇ ತಪ್ಪುತ್ತದಲ್ಲ ಎಂದು ಒಮ್ಮೊಮ್ಮೆ ಹಗುರವಾಗುತ್ತಿತ್ತು. ಹಗುರವಾದದ್ದಕ್ಕೇ ಅಳು ಬರುತ್ತಿತ್ತು!

ಒಂದು ಬೆಳಿಗ್ಗೆ ಶಟರು ಪೂರ್ತಿ ಎತ್ತುವ ಮೊದಲೇ ಅತ್ತೆ ಕೌಂಟರಿನಲ್ಲಿ ಕುಳಿತಿದ್ದಳು. ಮುಂದೆ ಬಿಳಿ ಹಾಳೆ.

"ಬಾ ಇಲ್ಲಿ. ಒಂದು ಕೇಳ್ತೀನಿ, ನಿಜ ಹೇಳು. ಈ ಅಂಗಡಿಗೋಸ್ಕರ ಓದ್ತೀಯೋ, ಈ ಅಂಗಡಿಯಿಂದ ತಪ್ಪಿಸ್ಕೊಳ್ಳೋಕೆ ಓದ್ತೀಯೋ?"

"ಗೊತ್ತಿಲ್ಲ ಅತ್ತೆ."

"ಓದು ಮುಗಿದ ಮೇಲೆ ವಾಪಸ್ ಬರ್ತೀಯಾ?"

"ಅದೂ ಗೊತ್ತಿಲ್ಲ... ಬೆಳಿಗ್ಗೆ ಬಾಗಿಲು ತೆಗೆಯುವಾಗ ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅನ್ಸುತ್ತೆ. ಸಂಜೆ ಬಾಗಿಲು ಹಾಕುವಾಗ ಓಡಿಹೋಗ್ಬೇಕು ಅನ್ಸುತ್ತೆ. ಎರಡರಲ್ಲಿ ನಿಜ ಯಾವುದು ಅಂತ ನನಗೇ ತಿಳೀತಿಲ್ಲ ಅತ್ತೆ!"

ಅತ್ತೆ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬರ್ತೀನಿ ಅಂತ ಒಂದು ಮಾತು ಅಂದುಬಿಡಬಾರದಿತ್ತೇನೇ? ನನಗೆ ಬರೆಯೋಕೆ ಸುಲಭ ಆಗ್ತಿತ್ತು."

ಸೊಸೆ ಮುಖ ಮುಚ್ಚಿಕೊಂಡಳು.

"ಹೊರಗಿನವರ ಮುಂದೆ ನಮ್ಮವರನ್ನ ಹೊಗಳೋ ಅಭ್ಯಾಸ ನನಗಿಲ್ಲ ಕಣೇ. ನಿಮ್ಮ ಮದುವೆ ಮಾತಾಡೋಕೆ ಬಂದಾಗಲೂ 'ನನ್ನ ಮಗ ಸ್ವಲ್ಪ ಸೋಮಾರಿ' ಅಂತಲೇ ಶುರುಮಾಡಿದ್ದು."

"ಅದೇ ದೊಡ್ಡ ಹೊಗಳಿಕೆ ಅಮ್ಮ," ಎಂದ ಮಗ ಇಸ್ತ್ರಿ ಪೆಟ್ಟಿಗೆಯ ಹಬೆಯ ಹಿಂದಿನಿಂದ. "ಸ್ವಲ್ಪ ಅಂದೆಯಲ್ಲ!"

ಅಳುವಿನ ನಡುವೆಯೇ ಸೊಸೆಗೆ ನಗು ಬಂತು. ಅತ್ತೆ ನಗಲಿಲ್ಲ.

"ಒಳಗಿನವರಿಗೆ ಒಳ್ಳೇ ಮಾತು ಆಮೇಲೆ ಹೇಳಿದ್ರಾಯ್ತು ಅಂತ ಇಟ್ಕೊಂಡೆ. ಇಟ್ಕೊಂಡು ಇಟ್ಕೊಂಡು... ಎಲ್ಲಿಟ್ಟೆ ಅಂತಲೇ ಮರೆತೆ." ಅವಳು ಪೆನ್ನು ತೆಗೆದುಕೊಂಡಳು. "ಇಬ್ಬರೂ ಹೊರಗೆ ನಡೀರಿ. ನಾನು ಬರೆಯೋದನ್ನ ಅರ್ಜಿ ಹಾಕಿದವರು ನೋಡಬಾರದು ಅಂತ ಸ್ಕೂಲಿನವರೇ ಹೇಳಿದ್ದಾರೆ."

ಗಂಡ ಹೆಂಡತಿ ಅರ್ಧ ಎತ್ತಿದ ಶಟರಿನ ಹೊರಗೆ ನಿಂತರು. ಬಟ್ಟೆಗಂಟು ಹಿಡಿದು ಬಂದ ಗಿರಾಕಿಗೆ "ಸ್ವಲ್ಪ ತಡೀರಿ, ಮೇಲಧಿಕಾರಿ ಬರೀತಿದ್ದಾರೆ" ಎಂದ ಗಂಡ. ಒಳಗೆ ಕೆಮ್ಮು ಕೇಳಿಸಿತು. ಹಾಳೆ ಹರಿದ ಸದ್ದು. ಮೂಗು ಸೀಟಿದ ಸದ್ದು.

ಅತ್ತೆ ಬಗ್ಗಿ ಹೊರಗೆ ಬಂದಾಗ ಕೈಯಲ್ಲಿ ಅಂಟಿಸಿದ ಲಕೋಟೆಯಿತ್ತು. ಸ್ಕೂಲಿನವರು ಕೇಳಿದಂತೆ ಅಂಟಿನ ಮೇಲೆ ಅಡ್ಡಲಾಗಿ ಸಹಿ.

"ಕೊಡಿ ಅತ್ತೆ, ನಾನು ಹಾಕಿ ಬರ್ತೀನಿ."

"ನಿನ್ನ ಕೈಗೆ ಕೊಡ್ತೀನಾ? ದಾರೀಲೇ ಬಿಡಿಸಿ ಓದ್ತೀಯ. ನೀನು ಗಿರಾಕಿ ನೋಡು."

ಅವಳು ಕಾಲೆಳೆಯುತ್ತಾ ರಸ್ತೆ ದಾಟಿದಳು. ಆಚೆ ಬದಿಯ ಅಂಚೆಪೆಟ್ಟಿಗೆಯ ಮುಂದೆ ನಿಂತು ಲಕೋಟೆಯನ್ನು ಅರ್ಧ ಒಳಗೆ ತೂರಿಸಿ, ಹಾಗೇ ಹಿಡಿದುಕೊಂಡಳು. ಅದರೊಳಗೆ ಏನು ಬರೆದಿದ್ದಾಳೋ? ಸೇರಿಸಿಕೊಳ್ಳಿ ಎಂದೋ, ಸೇರಿಸಿಕೊಳ್ಳಬೇಡಿ ಎಂದೋ? ಸೊಸೆಯ ಬಾಯಿಗೆ "ಬೇಡ, ಬಂದುಬಿಡಿ ಅತ್ತೆ!" ಎಂಬ ಮಾತು ಬಂತು. "ಬೇಗ ಹಾಕಿ" ಎಂಬ ಮಾತೂ ಬಂತು. ಅಷ್ಟರಲ್ಲಿ ಬಸ್ಸೊಂದು ಅಡ್ಡ ಬಂದು ನಿಂತಿತು.

ಬಸ್ಸು ಸರಿದಾಗ ಅತ್ತೆಯ ಕೈ ಖಾಲಿಯಾಗಿತ್ತು. ಅವಳು ಇನ್ನೂ ಅಲ್ಲಿಯೇ ಬಗ್ಗಿ ನಿಂತು, ಕಾಗದ ನಿಜವಾಗಿ ಕೆಳಗೆ ಬಿದ್ದಿದೆಯೇ ಎಂದು ಪೆಟ್ಟಿಗೆಯ ಬಾಯಿಗೆ ಎರಡು ಬೆರಳು ಹಾಕಿ ನೋಡುತ್ತಿದ್ದಳು.